ಡಿಸ್ಕ್ ಬದಲಿಸುವಾಗ ಬೇರಿಂಗೂ ಬದಲಿಸಬೇಕಾ?

ಹತ್ತು ಹದಿನೈದು ವರ್ಷ ದಾಟಿದ ಕಾರನ್ನು ಬ್ರೇಕ್ ಕೆಲಸಕ್ಕೆ ಅಂತ ಗ್ಯಾರೇಜಿಗೆ ಬಿಟ್ಟರೆ, ಮಧ್ಯಾಹ್ನದ ಹೊತ್ತಿಗೆ ಒಂದು ಫೋನ್ ಬರುತ್ತದೆ. "ಸಾರ್, ಡಿಸ್ಕ್ ತೆಳ್ಳಗಾಗಿದೆ, ಲೇತ್‌ಗೆ ಕೊಟ್ರೂ ಪ್ರಯೋಜನ ಇಲ್ಲ, ಹೊಸದೇ ಬೇಕು. ಹೆಂಗೂ ಬಿಚ್ಚಿದೀವಿ, ಬೇರಿಂಗೂ ಹಾಕ್ಬಿಡೋಣ್ವಾ?" ಆಗ ತಲೆಯಲ್ಲಿ ಎರಡು ಅನುಮಾನ ಏಳುತ್ತವೆ. ಇವನು ಬಿಲ್ ಬೆಳೆಸ್ತಿದ್ದಾನಾ? ಅಥವಾ ಬೇಡ ಅಂದುಬಿಟ್ಟು ನಾಳೆ ಘಾಟಿಯಲ್ಲಿ ಚಕ್ರ ಕೈಕೊಟ್ಟರೆ?

ಮೆಕ್ಯಾನಿಕ್ ಹೇಳಿದ್ದು ಸರಿಯೂ ಇರಬಹುದು, ದಂಡದ ಖರ್ಚೂ ಆಗಿರಬಹುದು. ಕಾರಿನ ವಯಸ್ಸು ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ನೋಡಬೇಕಾದ್ದು ನಿಮ್ಮ ಕಾರಿನಲ್ಲಿ ಡಿಸ್ಕ್ ಹೇಗೆ ಕೂತಿದೆ ಅನ್ನುವುದನ್ನು. ಅದನ್ನು ತೆಗೆಯುವಾಗ ಬೇರಿಂಗ್‌ಗೆ ಕೈ ಹಾಕಲೇಬೇಕಾಗುತ್ತದಾ, ಇಲ್ಲವಾ? ಉತ್ತರ ಅಲ್ಲಿಂದ ಹುಟ್ಟುತ್ತದೆ.

ಚಕ್ರದ ಹಿಂದೆ ಏನಿದೆ ಅಂತ ಒಮ್ಮೆ ನೋಡಿಕೊಳ್ಳೋಣ. ಚಕ್ರ ಬಿಚ್ಚಿದರೆ ಮೊದಲು ಕಾಣುವುದು ಹೊಳೆಯುವ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಹಿಡಿದುಕೊಂಡಿರುವುದು ಕ್ಯಾಲಿಪರ್, ಅದರೊಳಗೆ ಬ್ರೇಕ್ ಪ್ಯಾಡ್‌ಗಳು. ಡಿಸ್ಕ್ ಮತ್ತು ಚಕ್ರ ಎರಡನ್ನೂ ಹೊತ್ತು ತಿರುಗುವುದು ಹಬ್. ತಿರುಗದೆ ಸಸ್ಪೆನ್ಷನ್‌ಗೆ ಅಂಟಿಕೊಂಡಿರುವ ಎರಕದ ಭಾಗ ನಕಲ್. ಕ್ಯಾಲಿಪರ್ ಕೂತಿರುವುದು ಈ ನಕಲ್ ಮೇಲೆ. ತಿರುಗುವ ಹಬ್ ಮತ್ತು ತಿರುಗದ ನಕಲ್ ನಡುವೆ ಇರುವುದೇ ವೀಲ್ ಬೇರಿಂಗ್.

ಅಂದರೆ ಡಿಸ್ಕ್ ತಿರುಗುವ ಕಡೆಯದು, ಪ್ಯಾಡ್ ನಿಂತ ಕಡೆಯದು. ಇವೆರಡನ್ನೂ ಒಂದೇ ನೇರದಲ್ಲಿ ಇಟ್ಟಿರುವುದು ಬೇರಿಂಗ್ ಒಂದೇ. ಬೇರಿಂಗ್ ಕೂದಲೆಳೆಯಷ್ಟು ಸಡಿಲವಾದರೂ ಡಿಸ್ಕ್ ಓಲಾಡಲು ಶುರು ಮಾಡುತ್ತದೆ. ಓಲಾಡುವ ಡಿಸ್ಕ್ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ, ಪ್ಯಾಡ್ ಕ್ಯಾಲಿಪರ್ ಪಿಸ್ಟನ್ನನ್ನು ಒಳಗೆ ದೂಡುತ್ತದೆ. ಮುಂದಿನ ಸಲ ಬ್ರೇಕ್ ಒತ್ತಿದಾಗ ಪೆಡಲ್ ಕೆಳಗೆ ಹೋಗುತ್ತದೆ, ಎರಡನೇ ಸಲ ಒತ್ತಿದರೆ ಸರಿಯಾಗುತ್ತದೆ. ಇಂಥ ಕಾರಿಗೆ ಎಷ್ಟೋ ಜನ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸಿ, ಪೈಪಿನೊಳಗಿನ ಏರ್ ತೆಗೆಸಿ ಸೋತಿರುತ್ತಾರೆ. ಕಾರಣ ಚಕ್ರದ ಬೇರಿಂಗ್‌ನಲ್ಲಿ ಕೂತಿರುತ್ತದೆ.

ಇನ್ನೊಂದು ವಿಷಯ. ಬ್ರೇಕ್ ಹಾಕಿದಾಗ ಸ್ಟೀರಿಂಗ್ ಅದುರಿದರೆ "ಡಿಸ್ಕ್ ಬೆಂಡ್ ಆಗಿದೆ" ಅನ್ನುತ್ತೇವಲ್ಲ, ನಿಜವಾಗಿ ಡಿಸ್ಕ್ ಬಾಗಿರುವುದು ತೀರಾ ಕಡಿಮೆ. ಬಹಳಷ್ಟು ಸಲ ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಸವೆದಿರುತ್ತದೆ. ವ್ಯತ್ಯಾಸ 0.02 ಮಿ.ಮೀ. ಇದ್ದರೂ ಕಾಲಿಗೆ ಗೊತ್ತಾಗುತ್ತದೆ. ಓಲಾಡುವ ಡಿಸ್ಕ್ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಪ್ಯಾಡ್‌ಗೆ ತಾಗಿ ತಾಗಿ ಹೀಗಾಗುವುದು. ಹಾಗಾಗಿ ಸಡಿಲ ಬೇರಿಂಗ್ ಮೇಲೆ ಹೊಸ ಡಿಸ್ಕ್ ಕೂರಿಸಿದರೆ ಕೆಲವು ಸಾವಿರ ಕಿಲೋಮೀಟರ್‌ಗೆ ಮತ್ತೆ ಅದೇ ನಡುಕ. ಉಲ್ಟಾ ಕೂಡ ನಿಜ: ಕ್ಯಾಲಿಪರ್ ಜಾಮ್ ಆಗಿ ಬ್ರೇಕ್ ಹಿಡಿದುಕೊಂಡೇ ಓಡಿದ ಕಾರಿನಲ್ಲಿ ಆ ಬಿಸಿಯೆಲ್ಲ ಹಬ್‌ಗೆ ಇಳಿದು ಬೇರಿಂಗ್‌ನ ಗ್ರೀಸ್ ಕರಗಿರುತ್ತದೆ. ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಬೇರಿಂಗ್ ಕಡೆಗೂ ಒಂದು ಕಣ್ಣು ಹಾಯಿಸಲೇಬೇಕು.

ಹೊರಗಿಂದ ಕೂರುವ ಡಿಸ್ಕ್

ಸುಲಭದ್ದನ್ನು ಮೊದಲು ಮುಗಿಸೋಣ. ಮಾರುತಿ ಸ್ವಿಫ್ಟ್‌ನಂಥ ಕಾರುಗಳಲ್ಲಿ, ಈಗ ಓಡಾಡುತ್ತಿರುವ ಬಹುಪಾಲು ಕಾರುಗಳಲ್ಲಿ, ಮುಂದಿನ ಡಿಸ್ಕ್ ಹೊರಗಡೆಯಿಂದ ಹಬ್ ಮೇಲೆ ಸುಮ್ನೆ ಕೂತಿರುತ್ತದೆ. ಚಕ್ರದ ನಟ್ಟೇ ಅದನ್ನೂ ಹಿಡಿದಿರುತ್ತದೆ. ಚಕ್ರ ಬಿಚ್ಚಿ, ಕ್ಯಾಲಿಪರ್ ಮತ್ತು ಅದರ ಬ್ರಾಕೆಟ್ ತೆಗೆದರೆ ಡಿಸ್ಕ್ ಕೈಗೆ ಬರಬೇಕು.

ಬರಬೇಕು, ಆದರೆ ಹಳೆ ಕಾರಿನಲ್ಲಿ ಬರಲ್ಲ. ತುಕ್ಕು ಹಿಡಿದು ಹಬ್‌ಗೆ ಕಚ್ಚಿಕೊಂಡಿರುತ್ತದೆ. ಆಗ ಹುಡುಗರು ದೊಡ್ಡ ಸುತ್ತಿಗೆ ಎತ್ತಿಕೊಳ್ಳುತ್ತಾರೆ. ಬೇರಿಂಗ್ ಹಾಳಾಗುವುದು ಇಲ್ಲೇ. ಡಿಸ್ಕ್ ಮೇಲೆ ಬಿದ್ದ ಏಟು ಹಬ್‌ಗೆ, ಹಬ್‌ನಿಂದ ಬೇರಿಂಗ್‌ನ ಗುಂಡುಗಳಿಗೆ ಹೋಗುತ್ತದೆ. ಗುಂಡು ಓಡುವ ಗಟ್ಟಿ ಉಕ್ಕಿನ ದಾರಿಯಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಬಹಳಷ್ಟು ಡಿಸ್ಕ್‌ಗಳ ಮುಖದಲ್ಲಿ ಥ್ರೆಡ್ (ಬೋಲ್ಟ್ ತಿರುಗಿಸಿ ಹಾಕುವ ಮರೆ) ಇರುವ ಎರಡು ತೂತು ಇರುತ್ತವೆ, ಸಾಮಾನ್ಯವಾಗಿ 8 ಮಿ.ಮೀ. ಬೋಲ್ಟ್ ಹಿಡಿಯುವಂಥವು. ಎರಡು ಬೋಲ್ಟ್ ಹಾಕಿ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ತಿರುಗಿಸಿದರೆ ಡಿಸ್ಕ್ ತಾನಾಗಿ ಮೇಲೆದ್ದು ಬರುತ್ತದೆ. ಇದಕ್ಕಾಗಿಯೇ ಕೊಟ್ಟಿರುವ ತೂತು ಅವು. ಎಷ್ಟೋ ಜನ ಅವುಗಳ ಕಡೆ ನೋಡುವುದೇ ಇಲ್ಲ.

ಈ ಬಗೆಯ ಕಾರಿನಲ್ಲಿ "ಹೆಂಗೂ ಬಿಚ್ಚಿದೀವಿ" ಅನ್ನುವ ಮಾತಿಗೆ ಬೆಲೆ ಕಡಿಮೆ. ಯಾಕೆಂದರೆ ಬೇರಿಂಗ್‌ವರೆಗೆ ಬಿಚ್ಚಿಯೇ ಇರುವುದಿಲ್ಲ. ಬೇರಿಂಗ್ ಬದಲಿಸಲು ಹಬ್ ಮಧ್ಯದ ಆಕ್ಸಲ್ ನಟ್ ತೆಗೆಯಬೇಕು, ನಕಲನ್ನು ಸಸ್ಪೆನ್ಷನ್‌ಗೆ ಸೇರಿಸುವ ಬಾಲ್ ಜಾಯಿಂಟ್, ಸ್ಟೀರಿಂಗ್‌ಗೆ ಸೇರಿಸುವ ಟೈ ರಾಡ್ ಬಿಡಿಸಬೇಕು, ನಕಲ್ ಕೆಳಗಿಳಿಸಿ ಪ್ರೆಸ್ (ಒತ್ತುವ ಯಂತ್ರ) ಇರುವ ಕಡೆಗೆ ಕಳಿಸಬೇಕು. ಅದು ಬೇರೆಯದೇ ಕೆಲಸ, ಬೇರೆಯದೇ ಕೂಲಿ. ಉಳಿಯುವುದು ಚಕ್ರ ಮತ್ತು ಕ್ಯಾಲಿಪರ್ ಬಿಚ್ಚುವ ಹೊತ್ತು ಮಾತ್ರ. ಬೇರಿಂಗ್‌ನಲ್ಲಿ ಸದ್ದಿಲ್ಲ, ಪ್ಲೇ (ಸಡಿಲದ ಆಟ) ಇಲ್ಲ ಅಂದರೆ ಅದನ್ನು ಅದರ ಪಾಡಿಗೆ ಬಿಡಿ. ಫ್ಯಾಕ್ಟರಿಯಲ್ಲಿ ಕೂತ ಒಳ್ಳೆ ಬೇರಿಂಗನ್ನು ಹೊಡೆದು ತೆಗೆದು, ಅವಸರದಲ್ಲಿ ಇನ್ನೊಂದನ್ನು ಒತ್ತಿಸುವುದರಲ್ಲಿ ಲಾಭಕ್ಕಿಂತ ಅಪಾಯವೇ ಜಾಸ್ತಿ.

ಇಲ್ಲಿ ಬೇರಿಂಗ್‌ಗಿಂತ ಮುಖ್ಯವಾದ್ದು ಹಬ್‌ನ ಮುಖ. ಡಿಸ್ಕ್ ಬಂದು ಒರಗುವ ಆ ಸಪಾಟು ಜಾಗವನ್ನು ವೈರ್ ಬ್ರಷ್‌ನಿಂದ ಉಜ್ಜಿ, ಲೋಹ ಕಾಣುವವರೆಗೆ ತುಕ್ಕು ತೆಗೆಯಬೇಕು. ಲೆಕ್ಕ ಹಾಕಿ ನೋಡಿ. ಹಬ್ ಮುಖ ಸುಮಾರು 14 ಸೆಂ.ಮೀ. ಅಗಲ, ಡಿಸ್ಕ್ 25 ಸೆಂ.ಮೀ. ಅಗಲ ಅಂದುಕೊಳ್ಳೋಣ. ಹಬ್ ಅಂಚಿನಲ್ಲಿ 0.05 ಮಿ.ಮೀ. ದಪ್ಪದ ಒಂದು ತುಕ್ಕಿನ ಚಕ್ಕೆ ಉಳಿದರೂ ಡಿಸ್ಕ್ ಅಂಚಿನಲ್ಲಿ ಅದು ಸುಮಾರು 0.09 ಮಿ.ಮೀ. ಓಲಾಟವಾಗುತ್ತದೆ. ಬಹಳಷ್ಟು ಕಾರುಗಳಿಗೆ ಒಪ್ಪುವ ಮಿತಿಯೇ 0.1 ಮಿ.ಮೀ. ಆಸುಪಾಸು. ಒಂದು ಚಕ್ಕೆಗೆ ಮಿತಿ ಪೂರ್ತಿ ಖರ್ಚಾಯಿತು ಅಲ್ವಾ?

ಬೇರಿಂಗ್ ಹೋಗಿದೆಯಾ ಅಂತ ನೋಡುವುದು ಹೇಗೆ? ಸದ್ದಿನಿಂದ ಶುರು ಮಾಡಿ. ವೇಗ ಹೆಚ್ಚಿದಂತೆ ಹೆಚ್ಚುವ, ಗೇರ್ ಬದಲಿಸಿದರೂ ಕ್ಲಚ್ ಒತ್ತಿದರೂ ಬದಲಾಗದ ಗುಂಯ್ ಸದ್ದು ಬೇರಿಂಗ್‌ದು ಇರಬಹುದು, ಟೈರಿನದೂ ಇರಬಹುದು. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹತ್ತಿದಾಗ ಸದ್ದಿನ ಬಗೆಯೇ ಬದಲಾದರೆ ಟೈರು. ರಸ್ತೆ ಯಾವುದಾದರೂ ಅದೇ ಸದ್ದು, ಆದರೆ ದೊಡ್ಡ ತಿರುವಿನಲ್ಲಿ ಒಂದು ಕಡೆಗೆ ಹೆಚ್ಚು ಇನ್ನೊಂದು ಕಡೆಗೆ ಕಡಿಮೆ ಆದರೆ ಬೇರಿಂಗ್. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಚಕ್ರದ ಮೇಲೆ ಬೀಳುತ್ತದೆ, ಆಗ ಸದ್ದು ಏರಿದರೆ ಸಾಮಾನ್ಯವಾಗಿ ಎಡಗಡೆಯದು.

ಆಮೇಲೆ ಜ್ಯಾಕ್ ಹಾಕಿ, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೊಂದು ಕೆಳಗೊಂದು ಕೈಯಿಂದ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಡಿದರೆ ಹೆಚ್ಚಾಗಿ ಟೈ ರಾಡ್. ಮೊದಲಿನದರಲ್ಲಿ ಯಾವುದು ಅಂತ ಬೇರೆ ಮಾಡಲು ಒಂದು ಉಪಾಯ ಇದೆ. ಒಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ. ಈಗ ಪ್ಯಾಡ್‌ಗಳು ಡಿಸ್ಕನ್ನು ನಕಲ್‌ಗೆ ಕಟ್ಟಿಹಾಕಿವೆ, ಮಧ್ಯದ ಬೇರಿಂಗ್‌ಗೆ ಆಡಲು ಜಾಗವಿಲ್ಲ. ಆಟ ನಿಂತುಹೋದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್. ಕೊನೆಗೆ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿ, ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಡಿ. ಹೋದ ಬೇರಿಂಗ್‌ನ ಗರಗರ ಕಿವಿಗೆ ಕೇಳದಿದ್ದರೂ ಸ್ಪ್ರಿಂಗ್‌ನಲ್ಲಿ ಬೆರಳಿಗೆ ಸಿಗುತ್ತದೆ.

ಹಬ್ ಸಮೇತ ಬರುವ ಡಿಸ್ಕ್

ಈಗ ನಿಜವಾದ ಹಳೆ ಗಾಡಿಗಳಿಗೆ ಬರೋಣ. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಟೊಯೋಟಾ ಕ್ವಾಲಿಸ್ ನೆನಪಿದೆಯಲ್ಲ? 2005ರಲ್ಲಿ ಇನ್ನೋವಾ ಬಂದು ಅದರ ಜಾಗ ಹಿಡಿದುಕೊಂಡಿತು. ಆದರೂ ಕ್ವಾಲಿಸ್ ಪ್ರೀತಿಸುವವರು ಅದನ್ನು ಬಿಟ್ಟುಕೊಟ್ಟಿಲ್ಲ. ಹಿಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಇಂಥ ಗಾಡಿಗಳಲ್ಲಿ, ಹಳೆ ಟಾಟಾ ಸುಮೋ, ಬೊಲೆರೊಗಳಲ್ಲೂ, ಮುಂದಿನ ಚಕ್ರಕ್ಕೆ ಡ್ರೈವ್ ಶಾಫ್ಟ್ ಇರುವುದಿಲ್ಲ. ಒಂದು ಗಟ್ಟಿ ಸ್ಪಿಂಡಲ್ (ತಿರುಗದ ಅಚ್ಚು) ಇರುತ್ತದೆ. ಅದರ ಮೇಲೆ ಎರಡು ಬೇರಿಂಗ್, ಒಳಗೊಂದು ದೊಡ್ಡದು ಹೊರಗೊಂದು ಚಿಕ್ಕದು. ಆ ಬೇರಿಂಗ್‌ಗಳ ಮೇಲೆ ಹಬ್. ಹಬ್‌ನ ಹಿಂಬದಿಗೆ ಡಿಸ್ಕನ್ನು ಬೋಲ್ಟ್ ಮಾಡಿರುತ್ತಾರೆ. ಡಿಸ್ಕ್ ಬೇಕೆಂದರೆ ಹಬ್ ಎಳೆಯಲೇಬೇಕು, ಹಬ್ ಎಳೆದರೆ ಬೇರಿಂಗ್ ಎರಡೂ ಬಿಚ್ಚಿಕೊಂಡು ಕೈಗೆ ಬರುತ್ತವೆ.

ಇಲ್ಲಿ ಬೇರಿಂಗ್ ಕಡೆ ಗಮನ ಕೊಡದೆ ಡಿಸ್ಕ್ ಬದಲಿಸಿ ಕಳಿಸಿದರೆ ಅದು ಅರ್ಧ ಕೆಲಸ. ಹಾಗಂತ ಪ್ರತಿ ಸಲ ಹೊಸ ಬೇರಿಂಗ್ ಬೇಕು ಅಂತಲೂ ಇಲ್ಲ. ಈ ಟೇಪರ್ ರೋಲರ್ ಬೇರಿಂಗ್‌ಗಳನ್ನು ಮಾಡಿರುವುದೇ ಬಿಚ್ಚಿ, ತೊಳೆದು, ನೋಡಿ, ಮತ್ತೆ ಹಾಕಲು. ಇದರ ಪೇಟೆಂಟ್ 1898ರದು. ಪಡೆದವನು ಹೆನ್ರಿ ಟಿಮ್ಕೆನ್, ಅಮೆರಿಕದಲ್ಲಿ ಕುದುರೆ ಗಾಡಿ ಕಟ್ಟುತ್ತಿದ್ದವನು. ಗಾಡಿ ನೇರ ಹೋಗುವಾಗ ಭಾರ ಮೇಲಿಂದ ಬೀಳುತ್ತದೆ, ತಿರುವಿನಲ್ಲಿ ಪಕ್ಕದಿಂದ ತಳ್ಳುತ್ತದೆ. ನೇರ ರೋಲರ್‌ಗೆ ಪಕ್ಕದ ತಳ್ಳಾಟ ತಡೆಯಲು ಆಗಲ್ಲ. ರೋಲರನ್ನು ಒಂದು ತುದಿಗೆ ಕಿರಿದು ಮಾಡಿ ಓರೆಯಾಗಿ ಕೂರಿಸಿದರೆ ಎರಡೂ ಬಗೆಯ ಭಾರ ಹೊರುತ್ತದೆ. ಆದರೆ ಒಂದು ಬೇರಿಂಗ್ ಒಂದೇ ದಿಕ್ಕಿನ ತಳ್ಳಾಟವನ್ನು ತಡೆಯಬಲ್ಲದು. ಅದಕ್ಕೇ ಎರಡನ್ನು ಎದುರುಬದುರಾಗಿ ಹಾಕುವುದು.

ಟೇಪರ್ ಬೇರಿಂಗ್‌ನಲ್ಲಿ ಎರಡು ಭಾಗ. ರೋಲರ್‌ಗಳು, ಅವುಗಳನ್ನು ಹಿಡಿದ ಕೇಜ್, ಒಳಗಿನ ಬಳೆ ಎಲ್ಲ ಸೇರಿದ್ದು ಕೋನ್. ಹಬ್‌ನೊಳಗೆ ಬಿಗಿಯಾಗಿ ಕೂತ ಹೊರಗಿನ ಬಳೆ ಕಪ್. ಅಂಗಡಿಯಲ್ಲಿ ನಂಬರ್ ಕೂಡ ಹೀಗೇ ಎರಡಾಗಿ ಹೇಳುತ್ತಾರೆ. ಉದಾಹರಣೆಗೆ ಎಲ್‌ಎಂ 11949/10 ಅಂದರೆ ಕೋನ್ ಎಲ್‌ಎಂ 11949, ಕಪ್ ಎಲ್‌ಎಂ 11910. ಇಲ್ಲಿ ಒಂದು ಚಾಳಿ ಬಗ್ಗೆ ಎಚ್ಚರ ಇರಲಿ. ಕೋನ್ ಸುಲಭವಾಗಿ ಕೈಗೆ ಬರುತ್ತದೆ, ಕಪ್ ಹೊಡೆದು ತೆಗೆಯಬೇಕು. ಹಾಗಾಗಿ ಸೋಮಾರಿ ಕೈಗಳು ಹೊಸ ಕೋನ್ ಹಾಕಿ ಹಳೆ ಕಪ್ಪನ್ನೇ ಬಿಡುತ್ತವೆ. ಹಳೆ ಕಪ್ ಹಳೆ ರೋಲರ್‌ಗೆ ತಕ್ಕಂತೆ ಸವೆದಿರುತ್ತದೆ. ಹೊಸ ರೋಲರ್ ಅದರ ಮೇಲೆ ಹೆಚ್ಚು ದಿನ ಬಾಳುವುದಿಲ್ಲ. ಬದಲಿಸುವುದಾದರೆ ಜೋಡಿಯಾಗಿ, ಇಲ್ಲವಾದರೆ ಮುಟ್ಟಬೇಡಿ. ಹಳೆಯದನ್ನೇ ಮತ್ತೆ ಹಾಕುವಾಗಲೂ ಎಡಗಡೆ ಕೋನ್ ಎಡಗಡೆಗೇ, ಬಲಗಡೆಯದು ಬಲಕ್ಕೇ ಹೋಗಬೇಕು.

ನೋಡುವುದು ಹೇಗೆ? ಹಳೆ ಗ್ರೀಸ್ ಪೂರ್ತಿ ಹೋಗುವವರೆಗೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆಯಬೇಕು. ಗಾಳಿ ಹೊಡೆದು ಒಣಗಿಸಬಹುದು, ಆದರೆ ಗಾಳಿಯಿಂದ ಬೇರಿಂಗನ್ನು ಗಿರ್ರನೆ ತಿರುಗಿಸುವ ಆಟ ಬೇಡ. ಗ್ರೀಸ್ ಇಲ್ಲದ ರೋಲರ್ ಆ ವೇಗದಲ್ಲಿ ಗೀರು ಬೀಳುತ್ತದೆ, ಕೇಜ್ ಬಿಟ್ಟು ಹಾರಿದರೆ ಕಣ್ಣಿಗೂ ಬಡಿಯಬಹುದು. ತೊಳೆದ ಮೇಲೆ ಬೆಳಕಿಗೆ ಹಿಡಿದು ಒಂದೊಂದೇ ರೋಲರ್ ತಿರುಗಿಸಿ ನೋಡಿ. ಒಂದೇ ಸಮನೆ ಮಸುಕು ಬೂದು ಬಣ್ಣ ಇದ್ದರೆ ಪರವಾಗಿಲ್ಲ, ಓಡಿದ ಗುರುತು ಅಷ್ಟೆ. ಕಪ್ಪು ಚುಕ್ಕೆಗಳು ಇದ್ದರೆ ನೀರು ಕುಡಿದಿದೆ. ನೀಲಿ ಅಥವಾ ಕಂದು ಬಣ್ಣ ಬಂದಿದ್ದರೆ ಸುಟ್ಟಿದೆ. ಚಕ್ಕೆ ಎದ್ದಿದ್ದರೆ ಮಾತೇ ಬೇಡ. ಹೊರಬಳೆಯಾದ ಕಪ್ ಅನ್ನು ಒರೆಸಿ ಉಗುರಿನ ತುದಿಯನ್ನು ನಿಧಾನವಾಗಿ ಅದರ ಒಳಮೈ ಸುತ್ತ ಎಳೆಯಿರಿ. ಎಲ್ಲಾದರೂ ತಡೆದರೆ ಆ ಬೇರಿಂಗ್ ಗುಜರಿಗೆ. ರೋಲರ್‌ಗಳಷ್ಟೇ ಅಂತರದಲ್ಲಿ ಸಾಲಾಗಿ ಅಡ್ಡಗೆರೆ ಬಿದ್ದಿದ್ದರೆ, ಗಾಡಿ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದ್ದು ನೀರಿಳಿದಿರಬಹುದು, ಇಲ್ಲವೇ ಜೋರು ಏಟು ತಿಂದಿರಬಹುದು. ಅದೂ ಗುಜರಿಗೇ.

ನಮ್ಮ ಕಡೆ ನೀರಿನ ಕಾಟ ಸಣ್ಣದಲ್ಲ. ಓಡಿ ಓಡಿ ಬಿಸಿಯಾದ ಹಬ್ ಮಳೆಗಾಲದ ಅಂಡರ್‌ಪಾಸಿನ ನೀರಿಗೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ಕುಗ್ಗುತ್ತದೆ. ಆ ಸೆಳೆತಕ್ಕೆ ಹಬ್ ಬಾಯಿ ಮುಚ್ಚುವ, ಸವೆದ ಆಯಿಲ್ ಸೀಲ್ ಸಂದಿಯಿಂದ ನೀರು ಒಳಗೆ ನುಗ್ಗುತ್ತದೆ. ವಾಟರ್ ಸರ್ವಿಸ್‌ನಲ್ಲಿ ಪೈಪಿನ ಜೋರು ನೀರನ್ನು ನೇರ ಹಬ್‌ಗೆ ಹಿಡಿದರೂ ಇದೇ ಕಥೆ. ಕರಾವಳಿ, ಮಲೆನಾಡಿನಲ್ಲಿ ಓಡಿದ ಗಾಡಿಯ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಆಶ್ಚರ್ಯವಿಲ್ಲ. ಹಾಗೆ ಕಂಡರೆ ರೋಲರ್ ಚೆನ್ನಾಗಿದ್ದರೂ ಸಂಶಯದಿಂದಲೇ ನೋಡಿ.

ಹಾಗಾದರೆ ಈ ಬಗೆಯ ಗಾಡಿಗೆ ಹೊಸ ಬೇರಿಂಗ್ ಬೇಕಾ ಬೇಡವಾ? ನನ್ನ ಮಟ್ಟಿಗೆ ಲೆಕ್ಕ ಹೀಗೆ. ಆಯಿಲ್ ಸೀಲ್ ಮತ್ತು ಸ್ಪಿಂಡಲ್ ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಯಾವಾಗಲೂ ಹೊಸದು, ಚರ್ಚೆಯೇ ಇಲ್ಲ. ಸೀಲ್ ತೆಗೆಯುವಾಗಲೇ ಅದು ಹಾಳಾಗುತ್ತದೆ. ಬೇರಿಂಗ್ ಚೆನ್ನಾಗಿದ್ದರೆ ಗ್ರೀಸ್ ತುಂಬಿ ಮತ್ತೆ ಹಾಕಿ. ಸಣ್ಣ ಅನುಮಾನ ಬಂದರೂ ಬದಲಿಸಿ, ಏಕೆಂದರೆ ಕೂಲಿ ಹೇಗೂ ಕೊಟ್ಟಾಗಿದೆ. ಮೆಕ್ಯಾನಿಕ್‌ನ "ಹೆಂಗೂ ಬಿಚ್ಚಿದೀವಿ" ಅನ್ನುವ ಮಾತು ನಿಜಕ್ಕೂ ತೂಗುವುದು ಇಂಥ ಗಾಡಿಯಲ್ಲೇ. ಡಿಸ್ಕ್ ಯಾವತ್ತೂ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು, ಇಲ್ಲವಾದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ. ಬೇರಿಂಗ್‌ಗೆ ಆ ನಿಯಮ ಇಲ್ಲ. ಎಡಗಡೆ ಹೋಗಿದೆ ಅಂತ ಬಲಗಡೆಯದನ್ನೂ ಎಸೆಯಬೇಕಿಲ್ಲ.

ಕಳಪೆ ಬೇರಿಂಗ್ ಹಾಕುವುದಕ್ಕಿಂತ ಚೆನ್ನಾಗಿರುವ ಹಳೆಯದೇ ಮೇಲು. ಹೆಸರಾಂತ ಕಂಪನಿಗಳ ಡಬ್ಬಿಯಲ್ಲಿ ನಕಲಿ ಮಾಲು ತುಂಬಿ ಮಾರುವುದು ಹಳೆ ದಂಧೆ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಾಗಲಿ, ಗುರುತಿನವರ ಹತ್ತಿರ ಬಿಲ್ ಹಾಕಿಸಿ ತೆಗೆದುಕೊಳ್ಳಿ. ನಂಬರ್ ಡಬ್ಬಿಯ ಮೇಲೆ ಮಾತ್ರವಲ್ಲ, ಬೇರಿಂಗ್‌ನ ಉಕ್ಕಿನ ಮೇಲೂ ಸ್ಪಷ್ಟವಾಗಿ ಇರಬೇಕು.

ಗ್ರೀಸ್ ಮತ್ತು ನಟ್

ಟೇಪರ್ ಬೇರಿಂಗ್ ಕೆಲಸ ಕೆಡುವುದು ಹೆಚ್ಚಾಗಿ ಈ ಎರಡು ಜಾಗದಲ್ಲಿ.

ಹಳೆ ಕಪ್ ತೆಗೆಯಲು ಹಬ್ ಒಳಗಿನಿಂದ ಹಿತ್ತಾಳೆ ರಾಡ್ ಇಟ್ಟು ಆ ಕಡೆ ಒಂದು, ಈ ಕಡೆ ಒಂದು ಅಂತ ಬಡಿಯುತ್ತಾರೆ. ಹೊಸ ಕಪ್ ಕೂರಿಸುವಾಗ ಹಳೆ ಕಪ್ಪನ್ನೇ ಮೇಲಿಟ್ಟು ಬಡಿಯುವವರು ಜಾಣರು. ಕಪ್ ಇಳಿಯುತ್ತಿರುವಾಗ ಸುತ್ತಿಗೆಯ ಸದ್ದು ಮಂಕಾಗಿ ಬರುತ್ತದೆ, ತಳಕ್ಕೆ ಮುಟ್ಟಿದ ಕೂಡಲೇ ಠಣ್ ಅಂತ ಬದಲಾಗುತ್ತದೆ. ಆ ಸದ್ದು ಬರುವ ಮುಂಚೆ ನಿಲ್ಲಿಸಿದರೆ ಗಾಡಿ ಓಡಿದ ಮೇಲೆ ಕಪ್ ಕೆಳಗಿಳಿದು ಬೇರಿಂಗ್ ಸಡಿಲವಾಗುತ್ತದೆ.

ಗ್ರೀಸ್ ಯಾವುದೋ ಒಂದು ನಡೆಯಲ್ಲ. ಡಿಸ್ಕ್ ಬ್ರೇಕಿನ ಬಿಸಿ ತಡೆಯುವಂಥದ್ದು ಬೇಕು. ಸಾಧಾರಣ ಕ್ಯಾಲ್ಸಿಯಂ ಗ್ರೀಸ್ 100 ಡಿಗ್ರಿ ಆಸುಪಾಸಿನಲ್ಲೇ ಕರಗಿ ಸೋರುತ್ತದೆ. ಲಿಥಿಯಂ ಗ್ರೀಸ್ ಸುಮಾರು 180 ಡಿಗ್ರಿವರೆಗೆ ತನ್ನ ಆಕಾರ ಹಿಡಿದುಕೊಳ್ಳುತ್ತದೆ, ಲಿಥಿಯಂ ಕಾಂಪ್ಲೆಕ್ಸ್ ಅದಕ್ಕಿಂತಲೂ ಮೇಲೆ. ಡಬ್ಬಿಯ ಮೇಲೆ ವೀಲ್ ಬೇರಿಂಗ್‌ಗೆ, ಡಿಸ್ಕ್ ಬ್ರೇಕ್‌ಗೆ ಅಂತ ಬರೆದಿದ್ದನ್ನೇ ಕೊಳ್ಳಿ. ಹಳೆ ಗ್ರೀಸ್ ಮೇಲೆ ಹೊಸದನ್ನು ಮೆತ್ತಬೇಡಿ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆತರೆ ಕೆಲವು ಸಲ ಎರಡೂ ನೀರಾಗುತ್ತವೆ.

ತುಂಬುವುದು ಅಂಗೈಯಿಂದ. ಎಡ ಅಂಗೈಯಲ್ಲಿ ಒಂದು ಉಂಡೆ ಗ್ರೀಸ್ ಇಟ್ಟುಕೊಳ್ಳಿ. ಬಲಗೈಯಲ್ಲಿ ಕೋನ್ ಹಿಡಿದು, ಅದರ ಅಗಲದ ಬಾಯಿಯ ಅಂಚನ್ನು ಗ್ರೀಸಿನೊಳಗೆ ಒತ್ತಿ ಎಳೆಯಿರಿ. ಮತ್ತೆ ಒತ್ತಿ. ಮೊದಮೊದಲು ಏನೂ ಆಗದಂತೆ ಕಾಣುತ್ತದೆ. ಆಮೇಲೆ ಕಿರಿದಾದ ತುದಿಯಲ್ಲಿ, ಎರಡು ರೋಲರ್ ನಡುವಿನ ಸಂದಿಯಿಂದ ಸಣ್ಣ ಹುಳುವಿನಷ್ಟು ಗ್ರೀಸ್ ಹೊರಗೆ ಇಣುಕುತ್ತದೆ. ಆಗ ಆ ಸಂದಿ ತುಂಬಿತು. ಸ್ವಲ್ಪ ತಿರುಗಿಸಿ ಮುಂದಿನದು. ಸುತ್ತ ಪೂರ್ತಿ ಆಗುವವರೆಗೆ ಇದೇ. ಬರೀ ಹೊರಗೆ ಸವರಿದ ಗ್ರೀಸ್ ರೋಲರ್ ಬುಡಕ್ಕೆ ತಲುಪುವುದೇ ಇಲ್ಲ. ಹಾಗಂತ ಹಬ್‌ನ ಹೊಟ್ಟೆಯನ್ನು ಗ್ರೀಸಿನಿಂದ ಗಿಡಿಯಬಾರದು. ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಜಾಸ್ತಿಯಾದರೆ ಅದನ್ನೇ ಕಲಸಿ ಕಲಸಿ ಬಿಸಿ ಏರಿ, ಸೀಲ್ ದಾಟಿ ಹೊಸ ಡಿಸ್ಕ್ ಮೇಲೆ ಗ್ರೀಸ್ ಚೆಲ್ಲುತ್ತದೆ.

ಇನ್ನು ಕ್ಯಾಸಲ್ ನಟ್. ಸ್ಪಿಂಡಲ್ ತುದಿಯ ಈ ನಟ್ ಎಷ್ಟು ಬಿಗಿ ಇರಬೇಕು ಅನ್ನುವುದರ ಮೇಲೆ ಇಡೀ ಕೆಲಸ ನಿಂತಿದೆ. ಬಿಗಿ ಜಾಸ್ತಿಯಾದರೆ ಬೇರಿಂಗ್ ಸುಡುತ್ತದೆ, ಸಡಿಲವಾದರೆ ಡಿಸ್ಕ್ ಓಲಾಡುತ್ತದೆ. ಸಾಮಾನ್ಯ ರೂಢಿ ಹೀಗಿದೆ. ಹಬ್ಬನ್ನು ಕೈಯಿಂದ ತಿರುಗಿಸುತ್ತಲೇ ನಟ್ ಬಿಗಿ ಮಾಡುತ್ತಾರೆ. ತಿರುಗಿಸುತ್ತಾ ಬಿಗಿ ಮಾಡಿದರೆ ಮಾತ್ರ ರೋಲರ್‌ಗಳು ತಮ್ಮ ಜಾಗಕ್ಕೆ ಸರಿಯಾಗಿ ಕೂರುತ್ತವೆ. ಆಮೇಲೆ ನಟ್ ಪೂರ್ತಿ ಸಡಿಲಿಸಿ, ಮತ್ತೆ ಬೆರಳಿನ ಬಲದಿಂದ ಮುಟ್ಟಿಸಿ ನಿಲ್ಲಿಸುತ್ತಾರೆ. ಪಿನ್ ತೂತಿಗೆ ನಟ್‌ನ ಸೀಳು ಹೊಂದದಿದ್ದರೆ ಹಿಂದಕ್ಕೆ ಸಡಿಲಿಸಿ ಹೊಂದಿಸಬೇಕು, ಮುಂದಕ್ಕೆ ಬಿಗಿ ಮಾಡಿ ಅಲ್ಲ. ಡಯಲ್ ಗೇಜ್ ಇಟ್ಟು ಅಳೆದರೆ ಒಳಗೆ ಹೊರಗೆ 0.025ರಿಂದ 0.125 ಮಿ.ಮೀ. ಆಟ ಇರುವುದು ಬಹಳಷ್ಟು ಗಾಡಿಗಳಿಗೆ ಒಪ್ಪುವ ಅಳತೆ. ಕೆಲವು ತಯಾರಕರು ಆಟದ ಬದಲು ಸಣ್ಣ ಬಿಗಿಯನ್ನೇ ಹೇಳಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಅಳೆಯಲು ಸೂಚಿಸುತ್ತಾರೆ, ಆದ್ದರಿಂದ ನಿಮ್ಮ ಗಾಡಿಯ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಆ ಸ್ಪ್ಲಿಟ್ ಪಿನ್ ಕೆಲವೇ ರೂಪಾಯಿಯ ತಂತಿ. ಆದರೆ ಎತ್ತಿನ ಗಾಡಿಗೆ ಕಡೆಗೀಲು ಏನೋ ಇಲ್ಲಿ ಅದೂ ಅದೇ. ಹಳೆ ಪಿನ್ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದರೆ ಬಗ್ಗಿದಲ್ಲೇ ಮುರಿಯುತ್ತದೆ.

ಹಬ್ ಹಿಂದೆ ಸಿಕ್ಕಿಬಿದ್ದ ಡಿಸ್ಕ್

ಮೂರನೇ ಬಗೆ ಇಲ್ಲಿ ಅಪರೂಪ, ಅಮೆರಿಕದಲ್ಲಿರುವ ನಮ್ಮವರಿಗೆ ಸಿಗಬಹುದು. 1990ರಿಂದ 1997ರವರೆಗಿನ ಹೋಂಡಾ ಅಕಾರ್ಡ್ ಇದಕ್ಕೆ ಹೆಸರುವಾಸಿ. ಇದು ಮುಂಚಕ್ರ ಎಳೆಯುವ ಕಾರು, ಆದರೂ ಡಿಸ್ಕ್ ಹಬ್‌ನ ಹಿಂದೆ ಇದೆ. ಆಕ್ಸಲ್ ನಟ್ ತೆಗೆದು, ಹಬ್ಬನ್ನು ನಕಲ್‌ನಿಂದ ಬಿಡಿಸದೆ ಡಿಸ್ಕ್ ಹೊರಗೆ ಬರಲ್ಲ. ಹಳೆ ಕಾರಿನಲ್ಲಿ ಅದು ಸುಲಭಕ್ಕೆ ಬಿಡುವುದಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಂತೂ ಕೇಳಲೇಬೇಡಿ.

ಮುಂಚಕ್ರ ಎಳೆಯುವ ಕಾರುಗಳ ಬೇರಿಂಗ್ ಟೇಪರ್‌ನಂತೆ ಬಿಚ್ಚಿ ತೊಳೆಯುವಂಥದ್ದಲ್ಲ. ಎರಡು ಸಾಲು ಗುಂಡುಗಳಿರುವ, ಗ್ರೀಸ್ ತುಂಬಿ ಮುಚ್ಚಿದ ಒಂದೇ ಗಟ್ಟಿ. ಪ್ರೆಸ್‌ನಲ್ಲಿ ಒತ್ತಿ ಕೂರಿಸಿರುತ್ತಾರೆ. ಹಬ್ಬನ್ನು ಅದರೊಳಗಿಂದ ಎಳೆದಾಗ ಆ ಬಲ ಒಳಬಳೆಯಿಂದ ಗುಂಡುಗಳಿಗೆ, ಗುಂಡುಗಳಿಂದ ಹೊರಬಳೆಗೆ ಹಾಯುತ್ತದೆ. ಟನ್‌ಗಟ್ಟಲೆ ಬಲ ಕೆಲವೇ ಗುಂಡುಗಳ ಚುಕ್ಕಿಯಷ್ಟು ಜಾಗದಲ್ಲಿ ಕುಳಿ ಬೀಳಿಸುತ್ತದೆ. ಎಷ್ಟೋ ಸಲ ಒಳಬಳೆಯ ಅರ್ಧ ಹಬ್ ಮೇಲೆಯೇ ಕಚ್ಚಿಕೊಂಡು ಬರುತ್ತದೆ, ಅದನ್ನು ಪುಲ್ಲರ್ ಹಾಕಿಯೋ ಗ್ರೈಂಡರ್‌ನಿಂದ ಕೊಯ್ದೋ ತೆಗೆಯಬೇಕು. ಅಂಥ ಬೇರಿಂಗನ್ನು ಮತ್ತೆ ಜೋಡಿಸಿದರೆ ಅಂದು ಸರಿಯಾಗಿ ತಿರುಗುತ್ತದೆ, ಸ್ವಲ್ಪ ದಿನ ಓಡಿದ ಮೇಲೆ ಗುಂಯ್ ಅನ್ನಲು ಶುರು. ಹೀಗಾಗಿ ಹಬ್ಬನ್ನು ಬೇರಿಂಗ್‌ನಿಂದ ಎಳೆಯಬೇಕಾದ ಯಾವ ಕಾರಿನಲ್ಲೂ ಹೊಸ ಬೇರಿಂಗ್ ಹಾಕುವುದು ಸರಿ. ಇಲ್ಲಿ ಮೆಕ್ಯಾನಿಕ್ ಕೇಳುವ ಮೊದಲೇ ನೀವೇ ತಂದಿಟ್ಟುಕೊಳ್ಳಬಹುದು. ಹಬ್ ಮತ್ತು ಬೇರಿಂಗ್ ಘಟಕವನ್ನು ಬೇರೆ ಮಾಡದೆ ಒಟ್ಟಿಗೆ ಬೋಲ್ಟ್ ಬಿಚ್ಚಿ ಹೊರತೆಗೆಯಲು ಸಾಧ್ಯವಾದರೆ, ಏಟು ತಗಲದೆ ಬಂದರೆ, ಬೇರಿಂಗ್ ಉಳಿಯಲೂಬಹುದು.

ಹೊಸದನ್ನು ಒತ್ತುವಾಗ ನಿಯಮ ಒಂದೇ: ಬಲ ಗುಂಡುಗಳ ಮೂಲಕ ಹಾಯಬಾರದು. ನಕಲ್ ಒಳಗೆ ಬೇರಿಂಗ್ ಕೂರಿಸುವಾಗ ಹೊರಬಳೆಯನ್ನು ಒತ್ತಬೇಕು. ಆಮೇಲೆ ಹಬ್ ತೂರಿಸುವಾಗ ಹಿಂದಿನಿಂದ ಒಳಬಳೆಗೆ ಆಸರೆ ಕೊಡಬೇಕು. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಕಾರಾದರೆ ಬೇರಿಂಗ್‌ನ ಒಂದು ಕಡೆಯ ಸೀಲ್‌ನಲ್ಲಿ ಅಯಸ್ಕಾಂತದ ಪಟ್ಟಿ ಇರಬಹುದು. ಆ ಕಡೆ ಸೆನ್ಸರ್ ಕಡೆಗೇ ಇರಬೇಕು. ತಿರುಗುಮುರುಗಾದರೆ ಡ್ಯಾಶ್‌ಬೋರ್ಡ್‌ನಲ್ಲಿ ಎಬಿಎಸ್ ದೀಪ ಉರಿಯುತ್ತಲೇ ಇರುತ್ತದೆ, ಸರಿಪಡಿಸಲು ಇನ್ನೊಂದು ಬೇರಿಂಗೇ ಬೇಕು.

ಆಕ್ಸಲ್ ನಟ್ ಬಗ್ಗೆ ಎರಡು ಮಾತು. ಈ ಬೇರಿಂಗ್‌ನ ಬಿಗಿಯನ್ನು ನಿಗದಿ ಮಾಡುವುದು ಆ ನಟ್ಟೇ. ಸಣ್ಣ ಕಾರುಗಳಲ್ಲೂ 200 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್ ಕೇಳುತ್ತದೆ. ನಟ್ ಬಿಗಿಸುವ ಗನ್ ಹಿಡಿದು ಗರ್ರ್ ಅನ್ನಿಸಿ ಬಿಡುವ ಕೆಲಸ ಅಲ್ಲ, ಟಾರ್ಕ್ ರೆಂಚ್ ಬೇಕು. ನಟ್ ಬಿಗಿ ಮಾಡುವ ಮೊದಲು ಕಾರನ್ನು ಜ್ಯಾಕ್‌ನಿಂದ ಇಳಿಸಿ ದಬ್ಬಿಕೊಂಡು ಹೋಗಬಾರದು, ಬಿಗಿ ಇಲ್ಲದ ಬೇರಿಂಗ್ ಮೇಲೆ ಭಾರ ಬಿದ್ದರೆ ಅಲ್ಲೇ ಹಾಳಾಗುತ್ತದೆ. ಗ್ಯಾರೇಜ್‌ನಲ್ಲಿ ಜಾಗ ಮಾಡಿಕೊಳ್ಳಲು ಹೀಗೆ ದಬ್ಬುವುದು ನಡೆದೇ ಇರುತ್ತದೆ.

ರೆನೋ ಮೆಗಾನ್‌ನಂಥ ಕೆಲವು ಫ್ರೆಂಚ್ ಕಾರುಗಳ ಹಿಂದಿನ ಚಕ್ರದಲ್ಲಿ ಈ ಪ್ರಶ್ನೆಯೇ ಇಲ್ಲ. ಬೇರಿಂಗ್ ಡಿಸ್ಕ್ ಒಳಗೇ ಕೂತಿರುತ್ತದೆ. ಹೊಸ ಡಿಸ್ಕ್ ಕೊಳ್ಳುವಾಗ ಬೇರಿಂಗ್ ಸಮೇತವಾ, ಬರೀ ಡಿಸ್ಕಾ ಅಂತ ಕೇಳಿಕೊಳ್ಳಿ. ಬೆಲೆ ತೀರಾ ಕಡಿಮೆ ಅನ್ನಿಸಿದರೆ ಬೇರಿಂಗ್ ಇಲ್ಲದ್ದೇ ಇರಬೇಕು.

ಯಾವ ಬಗೆಯ ಕಾರಾದರೂ ಕೆಲವು ಸಂಗತಿ ಒಂದೇ. ಕ್ಯಾಲಿಪರನ್ನು ಬ್ರೇಕ್ ಪೈಪಿನ ಮೇಲೆ ನೇತುಹಾಕಬೇಡಿ, ತಂತಿಯಿಂದ ಸಸ್ಪೆನ್ಷನ್‌ಗೆ ಕಟ್ಟಿ. ಹೊಸ ಡಿಸ್ಕ್ ಮೇಲೆ ತುಕ್ಕು ಬಾರದಿರಲು ಹಚ್ಚಿದ ಎಣ್ಣೆ ಇರುತ್ತದೆ, ಬ್ರೇಕ್ ಕ್ಲೀನರ್‌ನಿಂದ ತೊಳೆದೇ ಹಾಕಬೇಕು. ಹಳೆ ಪ್ಯಾಡ್‌ನ ಪುಡಿಯನ್ನು ಗಾಳಿಯಿಂದ ಊದಬೇಡಿ, ಹಳೆ ಕಾರಿನ ಪ್ಯಾಡ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಎಲ್ಲ ಜೋಡಿಸಿದ ಮೇಲೆ ಕಾರು ಹೊರಡುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ. ಮೊದಲ ಸಲ ಒತ್ತಿದಾಗ ಅದು ನೆಲಕ್ಕೇ ಹೋಗುತ್ತದೆ.

ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮೆತ್ತಗೆ ಬ್ರೇಕ್ ಹಾಕುತ್ತಾ ಓಡಿಸಿ, ಡಿಸ್ಕ್ ಮತ್ತು ಪ್ಯಾಡ್ ಒಂದಕ್ಕೊಂದು ಹೊಂದಿಕೊಳ್ಳಲಿ. ಮೊದಲ ದಿನ ಊರಾಚೆ ಒಂದು ಸುತ್ತು ಹೋಗಿ ಬಂದು, ಕೊನೆಯಲ್ಲಿ ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ, ನಾಲ್ಕೂ ಚಕ್ರದ ಮಧ್ಯಭಾಗದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಮುಂದಿನ ಎರಡರಲ್ಲಿ ಒಂದು ಮಾತ್ರ ಸುಡುವಷ್ಟು ಬಿಸಿ ಇದ್ದರೆ ನಟ್ ಬಿಗಿ ಜಾಸ್ತಿಯಾಗಿದೆ, ಇಲ್ಲವೇ ಆ ಕಡೆಯ ಕ್ಯಾಲಿಪರ್ ಬ್ರೇಕ್ ಬಿಡುತ್ತಿಲ್ಲ. ಟೇಪರ್ ಬೇರಿಂಗ್ ಗಾಡಿಯಾದರೆ ಐನೂರು ಕಿಲೋಮೀಟರ್ ಒಳಗೆ ಮತ್ತೆ ಜ್ಯಾಕ್ ಹಾಕಿಸಿ, ಚಕ್ರ ಅಲ್ಲಾಡಿಸಿ ನೋಡಿ. ಹೊಸ ಕಪ್ ಇನ್ನೊಂದು ಚೂರು ಇಳಿದು ಆಟ ಹೆಚ್ಚಿದ್ದರೆ ನಟ್ ಮತ್ತೊಮ್ಮೆ ಹೊಂದಿಸಿ, ಆಗಲೂ ಹೊಸ ಪಿನ್ನೇ ಹಾಕಿಸಿ.